ಊಟಕ್ಕೆ ಬರುವವರ ಹೆಸರು ನೋಡಿ ಒಲೆ ಹಚ್ಚಬೇಡಿ

ಪ್ರಶ್ನೆ: ನಾವು ಹಾಸನದಲ್ಲಿದ್ದೇವೆ. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಅವರ ಶಾಖೆಗೆ ಧಾರವಾಡ ಕಡೆಯ ಹೊಸ ಮ್ಯಾನೇಜರ್ ವರ್ಗವಾಗಿ ಬಂದು ಒಂದು ತಿಂಗಳಾಯಿತು. ಬರುವ ಶನಿವಾರ ರಾತ್ರಿ ಊಟಕ್ಕೆ ಅವರನ್ನು ಮನೆಮಂದಿ ಸಮೇತ ಕರೆದುಬಿಟ್ಟಿದ್ದಾರೆ. ಅವರು, ಅವರ ಹೆಂಡತಿ, ಎಪ್ಪತ್ತು ದಾಟಿದ ತಾಯಿ, ಎಂಟು ವರ್ಷದ ಮಗ. ಜೊತೆಗೆ ನಮ್ಮ ಪಕ್ಕದ ಮನೆಯ ಪಾಲಕ್ಕಾಡಿನ ದಂಪತಿ. ನಾವಿಬ್ಬರು, ನಮ್ಮ ಮಗಳು ಸೇರಿ ಒಂಬತ್ತು ಜನ. ಮ್ಯಾನೇಜರ್ ಮನೆಯವರು ಏನು ತಿನ್ನುತ್ತಾರೆ, ಏನು ಬಿಡುತ್ತಾರೆ ಒಂದೂ ಗೊತ್ತಿಲ್ಲ. 'ಹೆಸರಲ್ಲಿ ಪಾಟೀಲ ಅಂತಿದೆ, ಲಿಂಗಾಯತರು, ವೆಜ್ ಮಾಡು. ಕೇಳೋಕೆ ಹೋಗಬೇಡ, ಜಾತಿ ಕೇಳಿದ ಹಾಗಾಗುತ್ತೆ' ಅನ್ನುತ್ತಾರೆ ಯಜಮಾನರು. ಆಲೂರಿನಿಂದ ಅತ್ತೆ ಫೋನ್ ಮಾಡಿ, 'ಕೋಳಿ ಕುಯ್ಯದೆ ನೆಂಟರಿಗೆ ಏನಿಕ್ತೀಯಾ, ಸೊಪ್ಪು ಸಾರಾ?' ಅಂದರು. ಇಬ್ಬರ ನಡುವೆ ಸಾಕಾಗಿ, ಹೋಟೆಲಿನಿಂದ ನಾನ್, ಪನೀರ್ ತರಿಸಿಬಿಡೋಣ ಅನ್ನಿಸುತ್ತಿದೆ. ಏನು ಮಾಡಲಿ?

ಉತ್ತರ: ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ನಿಜ ಇದೆ. ನಮ್ಮ ಕಡೆ 'ನೀವು ವೆಜ್ಜಾ, ನಾನ್‌ವೆಜ್ಜಾ?' ಅನ್ನುವ ಪ್ರಶ್ನೆಯ ಬೆನ್ನಿಗೇ 'ನೀವು ಯಾವ ಪೈಕಿ?' ಅನ್ನುವುದು ನಿಂತಿರುತ್ತದೆ. ಕೇಳಿಸಿಕೊಂಡವರಿಗೆ ಮೊದಲನೆಯದಕ್ಕಿಂತ ಎರಡನೆಯದೇ ಜೋರಾಗಿ ಕೇಳಿಸುತ್ತದೆ. ಆದರೆ ನಿಮ್ಮ ಯಜಮಾನರು ಮಾಡಿದ್ದೇನು? ಜಾತಿ ಕೇಳಬಾರದು ಅಂತ ಹೇಳುತ್ತಲೇ ಹೆಸರು ಹಿಡಿದು ಜಾತಿ ಲೆಕ್ಕ ಹಾಕಿದರು, ಆ ಲೆಕ್ಕದ ಮೇಲೆ ಅಡುಗೆಯನ್ನೂ ಗೊತ್ತು ಮಾಡಿದರು. ಕೇಳುವುದಕ್ಕಿಂತ ಇದೇನು ಹೆಚ್ಚಿನ ಮರ್ಯಾದೆ ಅಂತ ನನಗೆ ಅರ್ಥವಾಗುವುದಿಲ್ಲ.

ಅದೂ ಪಾಟೀಲ ಅನ್ನುವ ಹೆಸರಿನ ಮೇಲೆ! ಅದು ಊರಿನ ಪಟೇಲಿಕೆಯಿಂದ ಬಂದ ಹೆಸರು. ಲಿಂಗಾಯತರಲ್ಲಿ ಪಾಟೀಲರಿದ್ದಾರೆ, ಜೈನರಲ್ಲಿದ್ದಾರೆ, ಮರಾಠರಲ್ಲಿದ್ದಾರೆ, ರೆಡ್ಡಿಗಳಲ್ಲಿದ್ದಾರೆ, ಮುಸ್ಲಿಮರಲ್ಲೂ ಇದ್ದಾರೆ. ಒಬ್ಬ ಪಾಟೀಲರು ಈರುಳ್ಳಿ ಮುಟ್ಟದವರಿರಬಹುದು, ಇನ್ನೊಬ್ಬರು ಕುರಿ ಇಲ್ಲದ ಭಾನುವಾರವನ್ನೇ ಕಾಣದವರಿರಬಹುದು. ಹೋಗಲಿ, ಜಾತಿ ಸರಿಯಾಗಿಯೇ ಗೊತ್ತಾಯಿತು ಅನ್ನಿ, ಅಷ್ಟಕ್ಕೂ ತಟ್ಟೆ ಗೊತ್ತಾಗುವುದಿಲ್ಲ. ಒಂದೇ ಮನೆಯಲ್ಲಿ ಅಪ್ಪ ಮಾಂಸ ತಿನ್ನುತ್ತಾರೆ, ಅಮ್ಮ ಬಿಟ್ಟು ಹತ್ತು ವರ್ಷವಾಗಿರುತ್ತದೆ, ಮಗ ಮೊಟ್ಟೆಯೊಂದನ್ನು ಮಾತ್ರ ತಿನ್ನುತ್ತಾನೆ. ಮೇಲಾಗಿ ಇದು ಅಯ್ಯಪ್ಪನ ಮಾಲೆಯ ಕಾಲ. ಹೋದ ತಿಂಗಳು ಬಿರಿಯಾನಿ ತಿಂದವರು ಈ ತಿಂಗಳು ಕಪ್ಪು ಪಂಚೆ ಉಟ್ಟು ಬಾಗಿಲಲ್ಲಿ ನಿಲ್ಲಬಹುದು.

ನಾನು ಮೂಡಿಗೆರೆ ಹತ್ತಿರ ಕಾಫಿ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುತ್ತಾ ಹದಿನೆಂಟು ವರ್ಷವಾಯಿತು. ವಾರಕ್ಕೆ ಎರಡು ಸಲವಾದರೂ ಮುಖ ಕಾಣದವರಿಗೆ ಅಡುಗೆ ಮಾಡುವ ಕೆಲಸ ನನ್ನದು. ಶುರುವಿನಲ್ಲಿ ನಾನೂ ನಿಮ್ಮ ಯಜಮಾನರ ಹಾಗೆ ಹೆಸರು, ಊರು ನೋಡಿಯೇ ತೀರ್ಮಾನಿಸುತ್ತಿದ್ದವಳು. ಅದನ್ನು ಬಿಡಿಸಿದ್ದು ಮೊದಲ ವರ್ಷದ ಡಿಸೆಂಬರಿನ ಒಂದು ಸಂಜೆ.

ಶ್ರವಣಬೆಳಗೊಳದಲ್ಲಿ ಗೊಮ್ಮಟನ ದರ್ಶನ ಮಾಡಿಕೊಂಡು ಒಂದು ಜೈನ ಕುಟುಂಬ ನಮ್ಮಲ್ಲಿಗೆ ಬಂತು. 'ಪ್ಯೂರ್ ವೆಜ್' ಅಂತ ಫೋನಿನಲ್ಲಿ ಹೇಳಿದ್ದರು, ನನಗೆ ಅಷ್ಟೇ ಸಾಕಾಗಿತ್ತು. ಅವರು ಗೇಟು ದಾಟಿದಾಗ ಐದೂವರೆ. ಎಲ್ಲರಿಗೂ ಕೊಡುವ ಹಾಗೆ ನಿಂಬೆ ಪಾನಕಕ್ಕೆ ತೋಟದ ಜೇನುತುಪ್ಪ ಹಾಕಿ ಕೊಟ್ಟೆ. ಯಾರೂ ಲೋಟ ಎತ್ತಲಿಲ್ಲ. ದಣಿದಿರಬೇಕು ಅಂದುಕೊಂಡು ಒಳಗೆ ಹೋದೆ. ಹಾಸನದ ಆಲೂಗಡ್ಡೆ ಪಲ್ಯ, ಈರುಳ್ಳಿ ಹುಳಿ, ಎಣ್ಣೆಗಾಯಿ ಎಲ್ಲ ಸಿದ್ಧ ಮಾಡಿ ಎಂಟೂವರೆಗೆ ಕರೆದರೆ, ಆ ಮನೆಯ ಹಿರಿಯಾಕೆ ಕೈ ಮುಗಿದು 'ಹೊತ್ತು ಮುಳುಗಿತಲ್ಲಮ್ಮ' ಅಂದರು. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಿದ್ದ ಹಾಗೆ ಇಲ್ಲಿ ಸೂರ್ಯ ಹೋಗಿಬಿಡುತ್ತಾನೆ. ಆ ಆರು ಜನ ಅಂದು ಏನೂ ತಿನ್ನದೆ ಮಲಗಿದರು. ನನಗೂ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಹಿರಿಯಾಕೆ ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪಾಠ ಹೇಳಿಕೊಟ್ಟರು. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ, ಕ್ಯಾರೆಟ್ ಹೀಗೆ ನೆಲದೊಳಗಿನ ಗೆಡ್ಡೆ ಯಾವುದೂ ಆಗದು. ಹಸಿ ಶುಂಠಿ ಆಗದು, ಒಣಶುಂಠಿ ಆಗುತ್ತದೆ. ಹಸಿ ಅರಿಶಿನ ಬೇಡ, ಪುಡಿ ಆಗಬಹುದು. ಬದನೆಕಾಯಿ ಇಲ್ಲ, ಜೇನು ಇಲ್ಲವೇ ಇಲ್ಲ. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರು ತರಕಾರಿಯನ್ನೂ ಬಿಡುವವರಿದ್ದಾರೆ. ಅಂದರೆ ಹಿಂದಿನ ಸಂಜೆ ನಾನು ಪಾನಕದಿಂದ ಎಣ್ಣೆಗಾಯಿವರೆಗೆ ಒಂದೊಂದನ್ನೂ ತಪ್ಪಿಲ್ಲದಂತೆ ತಪ್ಪು ಮಾಡಿದ್ದೆ.

ಅಂದಿನಿಂದ ನಾನು ಕೇಳುವ ಮೊದಲ ಪ್ರಶ್ನೆ ಏನು ತಿನ್ನುತ್ತೀರಿ ಅನ್ನುವುದಲ್ಲ. 'ರಾತ್ರಿ ಊಟ ನಿಮಗೆ ಎಷ್ಟು ಹೊತ್ತಿಗೆ ರೂಢಿ?' ಇದನ್ನು ಕೇಳಿದರೆ ಯಾರಿಗೂ ಬೇಸರವಾಗುವುದಿಲ್ಲ, ಆದರೆ ಎಷ್ಟೋ ಸಂಗತಿ ತಾನಾಗಿ ಹೊರಗೆ ಬರುತ್ತದೆ. ಹೊತ್ತು ಮುಳುಗುವ ಮುಂಚೆ ಅಂದವರ ಅಡುಗೆ ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ. 'ಅಮ್ಮನಿಗೆ ಏಳಕ್ಕೇ ಆಗಬೇಕು, ಶುಗರ್ ಮಾತ್ರೆ ಇದೆ' ಅನ್ನುತ್ತಾರೆ. 'ಅವತ್ತು ಸಂಕಷ್ಟಿ, ಚಂದ್ರ ಕಂಡಮೇಲೆ' ಅನ್ನುತ್ತಾರೆ. ಸಂಕಷ್ಟಿಯ ಚಂದ್ರ ಒಂಬತ್ತರ ಆಸುಪಾಸಿಗೆ ಏಳುವವನು, ಅಲ್ಲಿಯವರೆಗೆ ನೀವು ಎಲೆ ಹಾಕಿ ಕಾಯಬೇಕಾಗುತ್ತದೆ. ಹಾಗಾಗಿ ಕರೆಯುವ ಮುಂಚೆ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ ನೋಡಿಕೊಳ್ಳುವುದು ಒಳ್ಳೆಯದು. ಮಳೆಗಾಲವಾಗಿದ್ದರೆ ಮಾಧ್ವರ ಚಾತುರ್ಮಾಸ್ಯವನ್ನೂ ನೆನಪಿಡಬೇಕಿತ್ತು: ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದು ಮೊಸರಿಲ್ಲ, ಮೂರನೆಯದು ಹಾಲಿಲ್ಲ, ನಾಲ್ಕನೆಯದು ಬೇಳೆಕಾಳಿಲ್ಲ. ಸದ್ಯ ನಿಮಗೆ ಆ ತಾಪತ್ರಯ ಇಲ್ಲ.

ನಿಮ್ಮ ತಾಪತ್ರಯ ಶನಿವಾರ. ಹಾಸನದಲ್ಲಿ ಬೆಳೆದವರಿಗೆ ನಾನು ಹೇಳಬೇಕೆ? ಮಾಂಸ ತಿನ್ನುವ ಮನೆಗಳಲ್ಲೇ ಸೋಮವಾರ, ಶನಿವಾರ ಒಲೆ ಮೇಲೆ ಮಾಂಸದ ಪಾತ್ರೆ ಏರದ ಮನೆಗಳು ಎಷ್ಟಿಲ್ಲ! ನಿಮ್ಮ ಅತ್ತೆಯನ್ನೇ ಕೇಳಿ, ಅವರು ಶನಿವಾರ ಕೋಳಿ ಕುಯ್ಯುತ್ತಾರಾ ಅಂತ. ದಿನ ಬದಲಿಸುವುದಾದರೆ ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ವಯಸ್ಸಾದವರಿಗೂ ಹಗಲೂಟ ಹಗುರ, ಮಗು ಊಟದ ಹೊತ್ತಿಗೆ ತೂಕಡಿಸುವುದಿಲ್ಲ, ಬೇಗ ಉಣ್ಣುವವರಿಗೂ ತೊಂದರೆ ಇಲ್ಲ. ಬದಲಿಸಲು ಆಗದಿದ್ದರೆ ಶನಿವಾರ ಶುದ್ಧ ಸಸ್ಯಾಹಾರ ಮಾಡಿ, ಅತ್ತೆಗೆ 'ಶನಿವಾರ ಅಲ್ವಾ ಅತ್ತೆ' ಅನ್ನಿ. ವಾದ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಕೇಳುವುದು ಹೇಗೆ. ನಿಮ್ಮ ಯಜಮಾನರು ಶಾಖೆಯಲ್ಲಿ ಮ್ಯಾನೇಜರನ್ನು ಕೇಳುವುದು ಬೇಡ. 'ಏನಾದ್ರೂ ನಡೀತದ್ರೀ, ನೀವೇನೂ ತ್ರಾಸ ತೊಗೋಬ್ಯಾಡ್ರಿ' ಅನ್ನುತ್ತಾರೆ, ಅದು ಉತ್ತರವೇ ಅಲ್ಲ. ತಮ್ಮ ತಾಯಿ ಏನು ತಿನ್ನುವುದಿಲ್ಲ ಅಂತ ಎಷ್ಟೋ ಗಂಡಸರಿಗೆ ಗೊತ್ತೇ ಇರುವುದಿಲ್ಲ. ನೀವೇ ಅವರ ಹೆಂಡತಿಗೆ ಫೋನ್ ಮಾಡಿ. ಹೇಗಿದ್ದರೂ ಹೆಣ್ಣುಮಕ್ಕಳು ಒಂದು ಸಲ ಕರೆಯದೆ ಕರೆ ಪೂರ್ತಿ ಆಗುವುದಿಲ್ಲ. 'ನೀವು ವೆಜ್ಜಾ?' ಅನ್ನಬೇಡಿ. ನಿಮ್ಮ ಮನೆಯ ಅಡುಗೆ ಏನು ಅಂತ ನೀವೇ ಮೊದಲು ಹೇಳಿಬಿಡಿ. 'ಅಕ್ಕಾ, ನಮ್ಮ ಕಡೆ ನೆಂಟರು ಬಂದರೆ ಕಡುಬು-ಕೋಳಿ ಸಾರು ಮಾಡೋದು, ಇಲ್ಲಾಂದ್ರೆ ಈಗ ಅವರೆಕಾಯಿ ಕಾಲ, ಕಡುಬಿಗೆ ಹಿತಕಿದ ಬೇಳೆ ಸಾರು ಮಾಡ್ತೀವಿ. ನಿಮ್ಮನೇಲಿ ಎಲ್ಲರಿಗೂ ಯಾವುದು ಆಗುತ್ತೆ?' ಅನ್ನಿ. ಇದರಲ್ಲಿ ಅವರು ಯಾರು ಅಂತ ನೀವು ಕೇಳಿದಂತಾಗಲಿಲ್ಲ, ನೀವು ಯಾರು ಅಂತ ಹೇಳಿಕೊಂಡಂತಾಯಿತು. ಎರಡೂ ಹಬ್ಬದಡುಗೆಯೇ ಆದ್ದರಿಂದ ಯಾವುದನ್ನು ಆರಿಸಿದರೂ ಅವರಿಗೆ ಸಂಕೋಚವಿಲ್ಲ. 'ಕೋಳಿ ಮಾಡಲಾ, ಬರೀ ಅನ್ನ ಸಾರು ಮಾಡಲಾ' ಅಂತ ಕೇಳಿದರೆ ಮಾತ್ರ ಕೆಟ್ಟಿತು. ಸಸ್ಯಾಹಾರಿಗಳು ತಾವೇನೋ ಕಡಿಮೆ ಖರ್ಚಿನ ನೆಂಟರು ಅಂದುಕೊಳ್ಳುತ್ತಾರೆ.

ಅದೇ ಫೋನಿನಲ್ಲಿ ಇನ್ನೆರಡು ಮಾತು. 'ಅಮ್ಮ ಈರುಳ್ಳಿ-ಬೆಳ್ಳುಳ್ಳಿ ತಿಂತಾರಲ್ವಾ?' ಮತ್ತು 'ಮಗೂಗೆ ಒಗ್ಗದ್ದು ಏನಾದ್ರೂ ಇದೆಯಾ?' ಎರಡನೆಯದನ್ನು ಮರೆಯಬೇಡಿ. ಕಡಲೆಕಾಯಿ ಆಗದ ಮಗುವಿಗೆ ಚಟ್ನಿಪುಡಿಯೂ ಸಾಕು ಆಸ್ಪತ್ರೆಗೆ ಓಡಲು. ಗೋಧಿ ಒಗ್ಗದವರಿದ್ದರೆ ಇಂಗಿನ ಡಬ್ಬಿಯನ್ನು ತಿರುಗಿಸಿ ಓದಿ. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಯ ಇಲ್ಲವೇ ಮೈದಾ ಹಿಟ್ಟು ಬೆರೆತಿರುತ್ತದೆ.

ಈಗ ಏನು ಮಾಡುವುದು ಅನ್ನುವ ವಿಚಾರ. ಬರುವವರಲ್ಲಿ ಅತಿ ಕಟ್ಟುನಿಟ್ಟಿನವರು ಯಾರೋ, ಅವರಿಗೆ ಊಟ ಪೂರ್ತಿ ಆಗಬೇಕು, ಉಳಿದದ್ದು ಅದರ ಮೇಲೆ ಸೇರಿಸುವುದು. ನಾನು ಹಿಡಿದುಕೊಂಡಿರುವ ಸೂತ್ರ ಇಷ್ಟೇ. ಎಷ್ಟೋ ಮನೆಗಳಲ್ಲಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಕೋಳಿ, ಕುರಿ, ಬಿರಿಯಾನಿ ಎಲ್ಲ ಆದಮೇಲೆ ಮೂಲೆಯಲ್ಲಿ ಕೂತ ಅಜ್ಜಿಯ ನೆನಪಾಗಿ 'ಅವರಿಗೆ ಮೊಸರನ್ನ ಕಲಸಿಬಿಡು' ಅನ್ನುತ್ತಾರೆ. ಆ ಅಜ್ಜಿಗೆ ನಗುತ್ತಾ ಉಂಡು ಏಳುವುದು ಗೊತ್ತು, ಹೊಟ್ಟೆ ತುಂಬಿತೋ ಇಲ್ಲವೋ ಮನಸ್ಸಂತೂ ತುಂಬಿರುವುದಿಲ್ಲ.

ನಿಮಗೆ ನನ್ನ ಸಲಹೆ ತರಿ ಕಡುಬು. ಅಕ್ಕಿ ರೊಟ್ಟಿ ನಮ್ಮೆಲ್ಲರ ಹೆಮ್ಮೆ ನಿಜ, ಆದರೆ ಒಂಬತ್ತು ಜನಕ್ಕೆ ಬಿಸಿ ಬಿಸಿ ರೊಟ್ಟಿ ಅಂದರೆ ನೀವು ಒಲೆ ಮುಂದೆ, ನೆಂಟರು ಹಜಾರದಲ್ಲಿ. ಗುರುತಿಲ್ಲದವರನ್ನು ಕರೆದು ಮನೆಯಾಕೆ ಮುಖ ತೋರಿಸದಿದ್ದರೆ ಕರೆದದ್ದೇಕೆ? ಕಡುಬನ್ನು ಅವರು ಬರುವ ಅರ್ಧ ಗಂಟೆ ಮುಂಚೆ ಬೇಯಿಸಿ ಅದೇ ಇಡ್ಲಿ ಪಾತ್ರೆಯಲ್ಲಿ ಮುಚ್ಚಿಟ್ಟರೆ ಬಿಸಿಯೂ ಇರುತ್ತದೆ, ಮೆತ್ತಗೂ ಇರುತ್ತದೆ. ಅದರಲ್ಲಿ ಅಕ್ಕಿ, ನೀರು, ಉಪ್ಪು ಬಿಟ್ಟರೆ ಬೇರೇನೂ ಇಲ್ಲ. ಈರುಳ್ಳಿ ಬಿಟ್ಟವರು, ಹಾಲು ಬಿಟ್ಟವರು, ಗೋಧಿ ಬಿಟ್ಟವರು, ಹಲ್ಲು ಬಿಟ್ಟವರು ಎಲ್ಲರೂ ತಿನ್ನಬಹುದು. ನಿಮ್ಮ ಪಾಲಕ್ಕಾಡಿನ ನೆರೆಯವರಿಗೂ ಅಕ್ಕಿಯ ಹಬೆಯಡುಗೆ ಹೊಸದೇನಲ್ಲ.

ಒಂದು ಕೆಜಿ ಅಕ್ಕಿ ತರಿ ತೆಗೆದುಕೊಳ್ಳಿ, ಮನೆಯಲ್ಲಿ ಮಾಡಿಕೊಳ್ಳುವುದಾದರೆ ಅಕ್ಕಿ ತೊಳೆದು, ಆರಿಸಿ, ಸಣ್ಣ ರವೆಯ ಹದಕ್ಕೆ ಒಡೆಸಿ. ಲೋಟದ ಅಳತೆಯಲ್ಲಿ ಒಂದಕ್ಕೆ ಎರಡು ನೀರು. ನೀರು ಮರಳಿ, ಉಪ್ಪು ಬಿದ್ದಮೇಲೆ ತರಿಯನ್ನು ಒಂದು ಕೈಯಲ್ಲಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ಗಟ್ಟಿಯಾದ ಕೂಡಲೇ ಉರಿ ಸಣ್ಣ ಮಾಡಿ ಐದು ನಿಮಿಷ ಮುಚ್ಚಿ. ಕೈ ತಡೆಯುವಷ್ಟು ಬಿಸಿಯಿರುವಾಗಲೇ ತಣ್ಣೀರು ಮುಟ್ಟಿಕೊಂಡು ನಾದಬೇಕು, ತಣ್ಣಗಾಗಲು ಬಿಟ್ಟರೆ ಉಂಡೆ ಬಿರುಕು ಬಿಡುತ್ತದೆ. ನಿಂಬೆಹಣ್ಣಿಗಿಂತ ದೊಡ್ಡದು, ಕಿತ್ತಳೆಗಿಂತ ಚಿಕ್ಕದು ಅನ್ನುವ ಹಾಗೆ ಉಂಡೆ ಕಟ್ಟಿದರೆ ಮೂವತ್ತಾಗುತ್ತದೆ. ತಲೆಗೆ ಮೂರು ಅಂದರೂ ಉಳಿಯುತ್ತದೆ. ಹಬೆಯಲ್ಲಿ ಇಪ್ಪತ್ತು ನಿಮಿಷ. ಒದ್ದೆ ಬೆರಳಿನಿಂದ ಮುಟ್ಟಿ ನೋಡಿ, ಅಂಟಲಿಲ್ಲ ಅಂದರೆ ಬೆಂದಿದೆ.

ಸಾರಿನಲ್ಲಿ ಒಂದು ಜಾಣತನ ಬೇಕು. ಮಸಾಲೆ ರುಬ್ಬುವಾಗಲೇ ಈರುಳ್ಳಿ, ಬೆಳ್ಳುಳ್ಳಿ ಹಾಕಿಬಿಟ್ಟರೆ ಆಮೇಲೆ ಹಿಂದಕ್ಕೆ ದಾರಿಯಿಲ್ಲ. ಹಾಗಾಗಿ ಕಾಯಿ, ಧನಿಯ, ಮೆಣಸು, ಜೀರಿಗೆ, ಗಸಗಸೆ, ಬ್ಯಾಡಗಿ ಮೆಣಸಿನಕಾಯಿ ಇಷ್ಟನ್ನೇ ರುಬ್ಬಿ. ಒಂಬತ್ತು ಜನಕ್ಕೆ ಸುಲಿದ ಅವರೆಕಾಳು ಒಂದು ಕೆಜಿ ಸಾಕು. ಹಿಂದಿನ ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿಸುಕಿ, ಮಗಳನ್ನೂ ಕೂರಿಸಿಕೊಳ್ಳಿ. ಬೇಳೆ ಬೆಂದು, ಮಸಾಲೆ ಕುದಿದು, ಹುಳಿ ಉಪ್ಪು ಹಿಡಿದಮೇಲೆ ಸಾರನ್ನು ಎರಡು ಪಾತ್ರೆಗೆ ಭಾಗ ಮಾಡಿ. ಒಂದಕ್ಕೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು. ಇನ್ನೊಂದಕ್ಕೆ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಕೆಂಪಗೆ ಹುರಿದ ಈರುಳ್ಳಿ. ಕೆಲಸ ಒಂದೇ ಸಲದ್ದು, ಸಾರು ಎರಡು. ಹೋಂಸ್ಟೇಯಲ್ಲಿ ನನ್ನನ್ನು ಎಷ್ಟು ಸಲ ಕಾಪಾಡಿದೆ ಈ ಉಪಾಯ, ಲೆಕ್ಕವಿಟ್ಟಿಲ್ಲ. ಇಬ್ಬನಿಯ ಸೊಗಡಿರುವ ಕಾಯಿಯಾದರೆ ಇಂಗಿನ ಒಗ್ಗರಣೆಯ ಸಾರೇ ಮೊದಲು ಖಾಲಿಯಾದದ್ದೂ ಉಂಟು.

ಖಾರ ನಡುಮಟ್ಟದಲ್ಲಿರಲಿ. ಧಾರವಾಡ ಕಡೆಯವರಿಗೆ ನಮ್ಮ ಕಾಯಿ ರುಬ್ಬಿದ ಸಾರು ಸಪ್ಪೆ ಅನ್ನಿಸಬಹುದು. ಅದಕ್ಕೆ ಇಡೀ ಪಾತ್ರೆಗೆ ಖಾರ ಸುರಿಯಬೇಡಿ, ಎಣ್ಣೆಯಲ್ಲಿ ಬಾಡಿಸಿ ಉಪ್ಪು ಹಾಕಿದ ಹಸಿಮೆಣಸಿನಕಾಯಿ, ಒಂದು ಕೆಂಪು ಚಟ್ನಿ ಪಕ್ಕದಲ್ಲಿಡಿ. ಬೇಕಾದವರು ಹಾಕಿಕೊಳ್ಳುತ್ತಾರೆ.

ಇದರ ಜೊತೆಗೆ ಹುರುಳಿಕಾಯಿ ಪಲ್ಯ, ಕೋಸಂಬರಿ, ಅನ್ನ, ತಿಳಿ ಸಾರು, ಮೊಸರು, ಹಪ್ಪಳ. ಕಡುಬಿನ ಮೇಲೆ ಅನ್ನಕ್ಕೆ ಮುಕ್ಕಾಲು ಕೆಜಿ ಅಕ್ಕಿ ಬೇಕಾದಷ್ಟಾಯಿತು. ಅನ್ನವನ್ನು ಮಾತ್ರ ಮುಂಚೆಯೇ ಮಾಡಿಟ್ಟು ಆರಲು ಬಿಡಬೇಡಿ. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ, ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವಂಥದ್ದೂ ಅಲ್ಲ. ಉಳಿದ ಅನ್ನ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ. ಸಿಹಿಗೆ ಹೆಸರುಬೇಳೆ ಪಾಯಸ ಸಾಕು, ಬೆಲ್ಲ ಮತ್ತು ಕಾಯಿಹಾಲಿನದು. ಒತ್ತು ಶ್ಯಾವಿಗೆ ಮಾಡುವ ಆಸೆ ನಿಮಗೆ ಬಂದೇ ಬರುತ್ತದೆ. ಒರಳಿನ ಮೇಲೆ ಒಬ್ಬರು ಒತ್ತಿ ಇನ್ನೊಬ್ಬರು ಹಿಡಿಯುವ ಕೆಲಸ ಅದು, ಅತ್ತೆ ಆಲೂರಿನಿಂದ ಬಂದು ಕೈ ಹಾಕುವುದಾದರೆ ಮಾತ್ರ.

ಫೋನಿನಲ್ಲಿ 'ಎಲ್ಲರಿಗೂ ಕೋಳಿ ಆಗುತ್ತೆ' ಅಂದರೋ, ಆಗಲಿ, ಮಾಡಿ. ಮೂಳೆ ಸಮೇತ ತಲೆಗೆ ಕಾಲು ಕೆಜಿ ಲೆಕ್ಕ. ಮುಸ್ಲಿಮರಾಗಿದ್ದರೆ ಯಾವ ಅಂಗಡಿಯಲ್ಲಿ ತಂದದ್ದು ಅಂತ ಅವರು ಕೇಳುವ ಮುಂಚೆ ನೀವೇ ಹೇಳಿ, ಹಲಾಲ್ ಅಂಗಡಿಯದ್ದೇ ತನ್ನಿ. ಆದರೆ 'ನಾವು ತಿಂತೀವಿ, ಅಮ್ಮ ಮಾತ್ರ ತಿನ್ನಲ್ಲ' ಅನ್ನುವ ಉತ್ತರ ಬಂದರೆ, ಅದೇ ಹೆಚ್ಚು ಬರುವ ಉತ್ತರ, ನಾನಾಗಿದ್ದರೆ ಮೊದಲ ಊಟಕ್ಕೆ ಕೋಳಿ ಕೈಬಿಡುತ್ತಿದ್ದೆ. ಮಾಂಸ ತಿನ್ನುವವರು ಒಂದು ಹೊತ್ತು ಹಿತಕಿದ ಬೇಳೆ ಸಾರು ಉಂಡರೆ ಏನೂ ಕಳೆದುಕೊಳ್ಳುವುದಿಲ್ಲ. ನಿಮ್ಮ ಅತ್ತೆ ಒಪ್ಪುವುದಿಲ್ಲ, ಗೊತ್ತು. ನಮ್ಮತ್ತೆಯೂ ಒಪ್ಪುತ್ತಿರಲಿಲ್ಲ.

ಮಾಡಲೇಬೇಕು ಅಂದರೆ ಸೌಟು ನೋಡಿಕೊಳ್ಳಿ. ಇದು ನಾನು ಕಣ್ಣಾರೆ ಕಂಡದ್ದು. ನಮ್ಮ ಮನೆಯಲ್ಲೇ ಒಂದು ಊಟ. ಒಂದು ಕಡೆ ಕೋಳಿ ಸಾರು, ಇನ್ನೊಂದು ಕಡೆ ಬೇಳೆ ಸಾರು, ಎಲ್ಲ ಪ್ರತ್ಯೇಕ. ಬಡಿಸುತ್ತಿದ್ದ ಹುಡುಗ ಬೇಳೆ ಸಾರಿನ ಸೌಟು ಕೈಗೆ ಸಿಗದೆ ಕೋಳಿ ಸಾರಿನದನ್ನೇ ಎತ್ತಿ, ಪಾತ್ರೆಯ ಅಂಚಿಗೆ ಎರಡು ಸಲ ತಟ್ಟಿ, ಬೇಳೆ ಸಾರಿಗೆ ಅದ್ದಿದ. ಎದುರು ಸಾಲಿನಲ್ಲಿ ಕೂತ ಒಬ್ಬ ಅಜ್ಜಿ ಅದನ್ನು ನೋಡಿದರು. ಒಂದು ಮಾತೂ ಆಡಲಿಲ್ಲ. ಎಡಗೈ ಎಲೆಯ ಮೇಲೆ ಅಡ್ಡ ಹಿಡಿದು 'ಸಾಕಪ್ಪ, ಹೊಟ್ಟೆ ತುಂಬಿತು' ಅಂದರು. ಅವರ ಎಲೆಯಲ್ಲಿ ಬಿದ್ದಿದ್ದದ್ದು ಒಂದು ಚಿಟಿಕೆ ಉಪ್ಪು, ಒಂದಿಷ್ಟು ಕೋಸಂಬರಿ. ಆಮೇಲೆ ನಾನು ಮಾಂಸದ ಸೌಟುಗಳ ಹಿಡಿಗೆಲ್ಲ ಕೆಂಪು ದಾರ ಸುತ್ತಿದೆ, ಮಾಂಸದ ಪಾತ್ರೆಗಳನ್ನು ಬೇರೆ ಮೇಜಿಗೆ ಸಾಗಿಸಿದೆ. ಸಸ್ಯಾಹಾರವನ್ನು ಮೊದಲು ಎಲ್ಲರಿಗೂ ಬಡಿಸಿ, ಕೋಳಿ ಪಾತ್ರೆ ಆಮೇಲೆ ಹೊರಗೆ ಬರಲಿ.

ಮಾಡಬಾರದ್ದು ಕೆಲವು. ಧಾರವಾಡದವರಿಗೆ ಜೋಳದ ರೊಟ್ಟಿ ತಟ್ಟಲು ಹೋಗಬೇಡಿ. ಅವರ ಅವ್ವ ದಿನಾ ತಟ್ಟುವ ರೊಟ್ಟಿಯ ಎದುರು ನಿಮ್ಮದು ನಿಲ್ಲುವುದಿಲ್ಲ, ಹೊಗಳಿ ಹೊಗಳಿ ಅವರಿಗೂ ಸುಸ್ತು. ಅವರು ಬಂದಿರುವುದು ಹಾಸನಕ್ಕೆ, ಹಾಸನದ್ದೇ ಕೊಡಿ. ಆದರೆ ಮುದ್ದೆ ಬೇಡ. ನಮಗೆ ಅದು ಜೀವ, ರೂಢಿಯಿಲ್ಲದವರಿಗೆ ಶಿಕ್ಷೆ. ಒಮ್ಮೆ ಉತ್ತರ ಭಾರತದ ಒಬ್ಬರು ನಮ್ಮಲ್ಲಿ ಮುದ್ದೆಯನ್ನು ಅಗಿದು ಅಗಿದು, ಅದು ಹಲ್ಲಿಗೆಲ್ಲ ಅಂಟಿ, ಅರ್ಧ ಗಂಟೆ ಬಾಯಿ ಬಿಡಲಾಗದೆ ಕೂತಿದ್ದರು. ನುಂಗಬೇಕು ಅಂತ ಹೇಳುವುದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಮಲೆನಾಡಿನ ಕಾಡಿನ ರುಚಿಗಳನ್ನೂ ಮೊದಲ ಊಟಕ್ಕೆ ತರಬೇಡಿ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ, ಹುಳಿ ಸಾಲದಿದ್ದರೆ, ಬೇಯುವುದು ಸಾಲದಿದ್ದರೆ ಗಂಟಲು ಕೆರೆಯುತ್ತದೆ. ಒಂದು ಮಳೆಗಾಲ ಆತುರದಲ್ಲಿ ಹುಣಸೆ ಕಡಿಮೆ ಹಾಕಿ ಪತ್ರೊಡೆ ಮಾಡಿ, ನಾಲ್ಕು ಜನ ಅತಿಥಿಗಳು ಸಾಲಾಗಿ ಕೆಮ್ಮುತ್ತಿದ್ದರೆ ನಾನು ಮಜ್ಜಿಗೆ ಚೆಂಬು ಹಿಡಿದು ಓಡಾಡಿದ್ದೇನೆ. ಎಳೆಬಿದಿರಿನ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸದಿದ್ದರೆ ಅದರಲ್ಲಿ ಸಯನೈಡ್ ಬಿಡುವ ಅಂಶ ಉಳಿಯುತ್ತದೆ. ಕಾಡಿನ ಅಣಬೆಯ ಮಾತೇ ಬೇಡ, ಅದನ್ನು ಗುರುತಿಸುವವರ ಕಣ್ಣೂ ಒಮ್ಮೊಮ್ಮೆ ತಪ್ಪುತ್ತದೆ. ಯೂಟ್ಯೂಬಿನಲ್ಲಿ ನೆನ್ನೆ ನೋಡಿದ ಅಡುಗೆಯೂ ಇದೇ ಸಾಲಿಗೆ ಸೇರಿದ್ದು. ಕನಿಷ್ಠ ಐದು ಸಲ ಮಾಡಿ ಕೈ ಕೂತದ್ದನ್ನೇ ಮಾಡಿ.

ಹೋಟೆಲಿನ ನಾನ್, ಪನೀರ್ ಬಗ್ಗೆ ಕೇಳಿದ್ದೀರಿ. ತರಿಸಿದರೆ ಪಾಪವೇನಿಲ್ಲ, ಕೈಲಾಗದ ದಿನ ನಾನೂ ತರಿಸುತ್ತೇನೆ. ಆದರೆ ಆ ಗ್ರೇವಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೋಡಂಬಿ, ಕೆನೆ ಏನೇನು ಬಿದ್ದಿದೆ ಅಂತ ಕೇಳಿದರೆ ನೀವು ಉತ್ತರ ಹೇಳಲಾರಿರಿ. ಅದೂ ಅಲ್ಲದೆ ತಣ್ಣಗಾದ ನಾನ್ ಎಪ್ಪತ್ತು ದಾಟಿದವರ ಹಲ್ಲಿಗೆ ಚರ್ಮದಂತಿರುತ್ತದೆ. ಮಗುವಿಗೆ ಕೇಕ್ ತರುವುದಾದರೆ ಮೊಟ್ಟೆ ಹಾಕದ್ದು ಅಂತ ಕೇಳಿಯೇ ತನ್ನಿ. ಬೆಂಗಳೂರಿಗೆಲ್ಲ ಅಯ್ಯಂಗಾರ್ ಬೇಕರಿ ಕೊಟ್ಟವರು ನಿಮ್ಮ ಹಾಸನ ಜಿಲ್ಲೆಯವರೇ, ಮೊಟ್ಟೆಯಿಲ್ಲದ ಕೇಕ್ ಅಲ್ಲಿ ಸಿಗದ ವಸ್ತುವಲ್ಲ. ಬಾಕಿ ಮಗುವಿನ ಚಿಂತೆ ಬಿಡಿ. ಅನ್ನ, ತುಪ್ಪ, ತಿಳಿ ಸಾರು, ಎರಡು ಹಪ್ಪಳ, ಆಟಕ್ಕೆ ನಿಮ್ಮ ಮಗಳು.

ತಾಯಿಯ ವಿಷಯದಲ್ಲಿ ಇನ್ನೊಂದು. ಹೊರಗೆ ಅನ್ನ ಮುಟ್ಟದ ಹಿರಿಯರು ಈಗಲೂ ಇದ್ದಾರೆ. ಸೊಸೆ ಅದನ್ನು ಫೋನಿನಲ್ಲಿ ಹೇಳಲು ಸಂಕೋಚಪಟ್ಟಿರಬಹುದು. ಬುಟ್ಟಿಯಲ್ಲಿ ಬಾಳೆಹಣ್ಣು ಇರಲಿ, ಕಾಯಿಸಿದ ಹಾಲು ಇರಲಿ. ಅವರು ಹಣ್ಣು ಮಾತ್ರ ಸಾಕು ಅಂದರೆ ಹಣ್ಣನ್ನೇ 'ತಗೊಳ್ಳಿ ಅಮ್ಮ' ಅಂತ ಕೈಗೆ ಕೊಡಿ, ಯಾಕೆ ಅಂತ ಕೇಳಬೇಡಿ. ಬಡಿಸುವಾಗಲೂ ಒಂದು ಸಲ ಒತ್ತಾಯ ಮಾಡುವುದು ಉಪಚಾರ, ಎರಡನೆಯ ಸಲವೂ ನಡೆದೀತು, ಮೂರನೆಯ ಸಲ ಕೈ ಅಡ್ಡ ಹಿಡಿದವರ ಬೆರಳ ಸಂದಿಯಿಂದ ಪಾಯಸ ಸುರಿಯುವುದನ್ನು ನಮ್ಮ ಕಡೆಯವರು ಬಿಡಬೇಕು. ಶುಗರ್ ಇದ್ದವರು ಅದನ್ನು ಎಲ್ಲರೆದುರು ಹೇಳಿಕೊಳ್ಳುವುದಿಲ್ಲ.

ಊಟದ ಮೇಲೆ ಅವರು ಡಬ್ಬಿಯಲ್ಲಿ ತಂದ ಸಿಹಿ ಇದ್ದರೆ, ಪೇಡೆಯೇ ಇರುತ್ತದೆ ಅಂತ ನನ್ನ ಊಹೆ, ಒಳಗಿಟ್ಟು ಮರೆಯಬೇಡಿ, ತಟ್ಟೆಗೆ ಹಾಕಿ ಎಲ್ಲರಿಗೂ ಹಂಚಿ. ಆಮೇಲೆ ನೀವು ಖಂಡಿತ ಫಿಲ್ಟರ್ ಕಾಫಿ ತರುತ್ತೀರಿ, ಕಾಫಿ ಸೀಮೆಯ ಮಗ್ಗುಲಲ್ಲಿದ್ದೂ ಕಾಫಿ ಕೊಡದಿದ್ದರೆ ಹೇಗೆ. ಆದರೆ ಆ ಕಡೆಯವರು ಎಷ್ಟೋ ಜನ ಚಹಾದವರು. ಕಾಫಿ ಕುಡಿಯುವ ಮನೆಗಳಲ್ಲಿ ಚಹಾಪುಡಿ ಮುಗಿದು ಎಷ್ಟು ದಿನವಾಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಫೋನ್ ಮಾಡುವ ಮುಂಚೆ ಒಂದು ಸಲ ಆ ಡಬ್ಬಿ ಅಲ್ಲಾಡಿಸಿ ನೋಡಿ.